ಕಾರಿನ ಬೆನ್ನಿಗೊಂದು ಪುಟ್ಟ ಮನೆ

ಸಣ್ಣ ಕಾರವಾನ್ ಟ್ರೇಲರ್ ಕೊಳ್ಳುವ ಆಸೆ ಹುಟ್ಟಿದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ನಮ್ಮ ಕಾರು ಎಳೆಯುತ್ತಾ?’ ಎಳೆಯುತ್ತದೆ. ಸಮತಟ್ಟಾದ ನೆಲದಲ್ಲಿ 500 ಕೆಜಿಯ ಟ್ರೇಲರನ್ನು ಇಬ್ಬರು ಗಟ್ಟಿಯಾಳುಗಳು ಕೈಯಲ್ಲೇ ತಳ್ಳಿ ಸೊಸೈಟಿಯ ಮೂಲೆಗೆ ನಿಲ್ಲಿಸಬಹುದು. 1.2 ಲೀಟರ್ ಎಂಜಿನ್ನಿಗೆ ಅದೇನು ಮಹಾ? ಈ ಉತ್ತರ ಸಿಕ್ಕ ಕೂಡಲೇ ಜನ ಕೊಕ್ಕೆ ಕೂರಿಸಲು ಗ್ಯಾರೇಜಿಗೆ ಹೊರಡುತ್ತಾರೆ. ನನ್ನ ತಕರಾರು ಅಲ್ಲಿಂದಲೇ ಶುರು. ಆ ಕಾರು ಅದನ್ನು ನಿಲ್ಲಿಸುತ್ತದೆಯೇ ಎಂದು ಯಾರೂ ಕೇಳುವುದಿಲ್ಲ.

ಪುಣೆ, ಮುಂಬೈಗಳಲ್ಲಿರುವ ನಮಗೆ ಊರಿಗೆ ಹೋಗುವುದೆಂದರೆ ಘಾಟಿ ಹತ್ತಿ ಇಳಿಯುವುದು. ಬೆಳಗಾವಿಯತ್ತ ಹೊರಟರೆ ಖಂಬಾಟಕಿ, ಕರಾವಳಿಗೆ ಇಳಿಯಬೇಕಾದರೆ ಅಂಬೋಲಿ. ಒಂದು ಲೆಕ್ಕ ನೋಡಿ. ಕಾರು 1,100 ಕೆಜಿ, ಒಳಗಿರುವ ನಾಲ್ವರು ಮತ್ತು ಸಾಮಾನು 350, ಹಿಂದಿನ ಟ್ರೇಲರ್ 550. ಒಟ್ಟು 2,000 ಕೆಜಿ. ಈ ಭಾರ 300 ಮೀಟರ್ ಎತ್ತರದಿಂದ ಕೆಳಗಿಳಿಯುವಾಗ ಹೊಮ್ಮುವ ಶಕ್ತಿ 18 ಲೀಟರ್ ನೀರನ್ನು ಕುದಿಸಲು ಸಾಕು. ಅದರಲ್ಲೊಂದು ಪಾಲನ್ನು ಕೆಳ ಗೇರಿನ ಎಂಜಿನ್ನೂ ಗಾಳಿಯೂ ನುಂಗುತ್ತವೆ. ಮಿಕ್ಕಿದ್ದೆಲ್ಲ ಶಾಖವಾಗಿ ಸೇರುವುದು ಬ್ರೇಕಿಗೆ. ಟ್ರೇಲರಿಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ ಇಡೀ ಶಾಖ ಕಾರಿನ ನಾಲ್ಕು ಚಕ್ರಗಳ ಪಾಲು. ಆ ಬ್ರೇಕುಗಳನ್ನು ಮಾಡಿದವರು ಲೆಕ್ಕಕ್ಕೆ ಹಿಡಿದದ್ದು ಕಾರಿನ ತೂಕವನ್ನು. ಹಿಂದೊಂದು ಮನೆ ಬರುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಯುರೋಪಿನಲ್ಲಿ ಇದಕ್ಕೊಂದು ಸರಳ ಉಪಾಯವಿದೆ. ಕಾರು ನಿಧಾನವಾದಾಗ ಹಿಂದಿನ ಟ್ರೇಲರ್ ಮುನ್ನುಗ್ಗಿ ಕೊಕ್ಕೆಯನ್ನು ಒತ್ತುತ್ತದಲ್ಲ, ಆ ಒತ್ತಡವೇ ಒಂದು ಸರಳನ್ನು ಎಳೆದು ಟ್ರೇಲರಿನ ಚಕ್ರಕ್ಕೆ ಬ್ರೇಕ್ ಹಾಕುತ್ತದೆ. ವೈರು, ಕಂಪ್ಯೂಟರು ಏನೂ ಬೇಡ. 750 ಕೆಜಿ ದಾಟಿದ ಟ್ರೇಲರಿಗೆ ಅಲ್ಲಿ ಬ್ರೇಕ್ ಕಡ್ಡಾಯ. ನಮ್ಮ ಘಾಟಿಗಳಿಗೆ ಆ ಮಿತಿಯೂ ಉದಾರವಾಯಿತೆಂದು ನನಗನ್ನಿಸುತ್ತದೆ. ಮಲಗಲು ಹಾಸಿಗೆ ಇರುವ ಟ್ರೇಲರ್ ಎಷ್ಟೇ ಚಿಕ್ಕದಿರಲಿ, ಬ್ರೇಕ್ ಇಲ್ಲದೆ ಕೊಳ್ಳಬೇಡಿ.

ಎರಡನೆಯ ಸಂಗತಿ ನಮ್ಮ ಅಜ್ಜಂದಿರಿಗೆ ಚೆನ್ನಾಗಿ ಗೊತ್ತಿತ್ತು. ಎತ್ತಿನ ಗಾಡಿಗೆ ಹೇರು ಹಾಕುವಾಗ ಭಾರ ಮುಂದಕ್ಕೆ ಹೆಚ್ಚಾದರೆ ಎತ್ತಿನ ಕುತ್ತಿಗೆ ಕುಸಿಯುತ್ತದೆ, ಹಿಂದಕ್ಕೆ ಹೆಚ್ಚಾದರೆ ನೊಗವೇ ಮೇಲೇಳುತ್ತದೆ. ಅಚ್ಚಿನಿಂದ ತುಸು ಮುಂದೆ ಭಾರ ಬೀಳುವಂತೆ ಮೂಟೆ ಜೋಡಿಸುವುದು ಹಳ್ಳಿಯ ಹುಡುಗರೂ ಬಲ್ಲ ವಿದ್ಯೆ. ಟ್ರೇಲರಿನದೂ ಅದೇ ಕಥೆ. ಅದರ ಒಟ್ಟು ತೂಕದಲ್ಲಿ ಶೇ 5ರಿಂದ 7ರಷ್ಟು ಕೊಕ್ಕೆಯ ಮೇಲೆ ಬೀಳಬೇಕೆಂಬುದು ಬ್ರಿಟನ್ನಿನ ವಾಡಿಕೆ. ಅಮೆರಿಕದಲ್ಲಿ ಶೇ 10ರಿಂದ 15. ಬ್ರಿಟನ್ನಿನ ಲೆಕ್ಕ ಹಿಡಿದರೆ 600 ಕೆಜಿಯ ಟ್ರೇಲರಿಗೆ 30ರಿಂದ 42 ಕೆಜಿ. ಮನೆಯಲ್ಲಿ ತೂಕ ನೋಡಿಕೊಳ್ಳುವ ಯಂತ್ರದ ಮೇಲೆ ಗಟ್ಟಿ ಕೋಲು ನಿಲ್ಲಿಸಿ, ಅದರ ಮೇಲೆ ಕೊಕ್ಕೆಯ ತುದಿ ಕೂರಿಸಿದರೆ ಸಂಖ್ಯೆ ಸಿಗುತ್ತದೆ.

ಇದು ತಪ್ಪುವುದು ಎಲ್ಲಿ? ಅಡುಗೆ ಕಟ್ಟೆ ಸಾಮಾನ್ಯವಾಗಿ ಟ್ರೇಲರಿನ ಹಿಂಭಾಗದಲ್ಲಿರುತ್ತದೆ. ನೀರಿನ ತೊಟ್ಟಿಯೂ ಅಲ್ಲೇ. 60 ಲೀಟರ್ ನೀರು ಎಂದರೆ 60 ಕೆಜಿ. ಅದರ ಜೊತೆಗೆ ಸ್ಟವ್ವು, ಕುಕ್ಕರು, ಊರಿಗೆಂದು ಕಟ್ಟಿದ ಡಬ್ಬಗಳು, ಊರಿಂದ ಬರುವಾಗ ಅಮ್ಮ ತುಂಬಿಸಿದ ತೆಂಗಿನಕಾಯಿ, ಅಕ್ಕಿ. ಇಷ್ಟಾದರೆ ಕೊಕ್ಕೆಯ ಮೇಲಿನ ಭಾರ ಇಲ್ಲವಾಗುತ್ತದೆ. ಗಂಟೆಗೆ 60 ಕಿಮೀಯಲ್ಲಿ ಸುಮ್ಮನಿದ್ದ ಟ್ರೇಲರ್ 85ಕ್ಕೆ ಬಾಲ ಅಲ್ಲಾಡಿಸತೊಡಗುತ್ತದೆ. ಪಕ್ಕದಲ್ಲೊಂದು ವೋಲ್ವೋ ಬಸ್ಸು ಗಾಳಿ ಎರಚಿ ಹೋದರೆ ಸಾಕು, ಒಂದೊಂದು ತೂಗಾಟವೂ ಹಿಂದಿನದಕ್ಕಿಂತ ದೊಡ್ಡದಾಗಿ ಕೊನೆಗೆ ಕಾರನ್ನೇ ತಿರುಗಿಸಿಬಿಡಬಹುದು. ಆಗ ವೇಗ ಹೆಚ್ಚಿಸಿ ನೆಟ್ಟಗೆ ಮಾಡಲು ಹೋಗಬಾರದು, ಗಕ್ಕನೆ ಬ್ರೇಕೂ ತುಳಿಯಬಾರದು. ಸ್ಟಿಯರಿಂಗ್ ನೇರ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಜರ್ಮನಿಯಲ್ಲಿ ಆಟೋಬಾನಿನ ಮೇಲೂ ಟ್ರೇಲರ್ ಎಳೆಯುವ ಕಾರಿಗೆ ಗಂಟೆಗೆ 80 ಕಿಮೀ ಮಿತಿ ಇರುವುದು ಸುಮ್ಮನೆ ಅಲ್ಲ. 100ರಲ್ಲಿ ಹೋಗಲು ಪ್ರತ್ಯೇಕ ಅನುಮತಿ ಬೇಕು.

‘ಕೊಲ್ಹಾಪುರದ ಕಡೆ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಬ್ಬು ಎಳೆಯುತ್ತವಲ್ಲ?’ ಎಂಬ ವಾದ ನಾನೂ ಕೇಳಿದ್ದೇನೆ. ಆಮೆಯ ವೇಗದ ಟ್ರ್ಯಾಕ್ಟರನ್ನು ಹೆದ್ದಾರಿಯ ಕಾರಿಗೆ ಹೋಲಿಸುವುದೇ ತಪ್ಪು. ಸಕ್ಕರೆ ಹಂಗಾಮಿನ ರಾತ್ರಿ ಹಿಂದೀಪವಿಲ್ಲದ ಆ ಟ್ರೇಲರುಗಳ ಹಿಂದೆ ಕಾರು ಓಡಿಸಿದವರು ಅದನ್ನು ಮಾದರಿ ಎಂದು ಹೇಳಲಾರರು.

ಈಗ ನನ್ನ ನಿಜವಾದ ದೂರು. ನಮ್ಮಲ್ಲಿ ಮಾರುವ ಹಲವು ಸಣ್ಣ ಕಾರುಗಳ ಕೈಪಿಡಿ ತೆಗೆದರೆ, ಟ್ರೇಲರ್ ಎಳೆಯಲು ಶಿಫಾರಸು ಮಾಡುವುದಿಲ್ಲ ಎಂಬ ಒಂದು ಸಾಲು ಇರುತ್ತದೆ, ಅಷ್ಟೇ. ಬ್ರಿಟನ್ನಿನಲ್ಲಿ ಮಾರಾಟವಾದ 1.2 ಲೀಟರ್ ಸ್ವಿಫ್ಟಿಗೆ ಬ್ರೇಕ್ ಇರುವ ಟ್ರೇಲರಾದರೆ 1,000 ಕೆಜಿ, ಇಲ್ಲದಿದ್ದರೆ 400 ಎಂದು ಸ್ಪಷ್ಟ ಸಂಖ್ಯೆ ಕೊಟ್ಟಿದ್ದಾರೆ. ಅಲ್ಲಿನ ನಿಯಮದ ಪ್ರಕಾರ ಪೂರ್ತಿ ಭಾರ ಹೊತ್ತ ಜೋಡಿ ಶೇ 12ರ ಏರಿನಲ್ಲಿ ಐದು ನಿಮಿಷದೊಳಗೆ ಐದು ಸಲ ನಿಂತು ಹೊರಡಬೇಕು. ಆ ಸಂಖ್ಯೆಯನ್ನು ಇಲ್ಲಿಗೆ ಹಾಗೇ ತಂದುಕೊಳ್ಳುವುದು ಮೂರ್ಖತನ. ನಮ್ಮ ಬಿಸಿಲು, ಗುಂಡಿ, ಘಾಟಿ ಬೇರೆ, ಹೆಸರು ಒಂದೇ ಆದರೂ ಕಾರೂ ಬೇರೆ ಇರಬಹುದು. ಆದರೆ ನಮಗೊಂದು ಸಂಖ್ಯೆ ಕೊಡಲು ಏನಡ್ಡಿ? 250 ಕೆಜಿ ಎಂದಾದರೂ ಹೇಳಲಿ. ‘ಬೇಡ’ ಎಂದಷ್ಟೇ ಬರೆದು ಕೈತೊಳೆದುಕೊಂಡರೆ ಜನ ಬಿಡುವುದಿಲ್ಲ. ತಾವೇ ಅಂದಾಜು ಕಟ್ಟುತ್ತಾರೆ, ಬಂಪರಿನ ಹಿಂದೆ ತೆಳು ತಗಡಿಗೆ ಕೊಕ್ಕೆ ಬೆಸುಗೆ ಹಾಕಿಸುತ್ತಾರೆ.

2021ರಲ್ಲಿ ಮಹಾರಾಷ್ಟ್ರ, ಕೇರಳ ಎರಡೂ ಕಾರವಾನ್ ಪ್ರವಾಸಕ್ಕೆಂದೇ ನೀತಿ ತಂದವು. ತಂಗಲು ಕಾರವಾನ್ ಪಾರ್ಕುಗಳ ಮಾತು ಅವುಗಳಲ್ಲಿದೆ, ಒಳ್ಳೆಯದೇ. ಆದರೆ ಪಾರ್ಕಿನ ಗೇಟಿನ ತನಕ ಕ್ಷೇಮವಾಗಿ ತಲುಪುವ ಲೆಕ್ಕ ಕಾರು ಕಂಪನಿಯಿಂದಲೇ ಬರಬೇಕು. ಕಾನೂನಿನಲ್ಲಿ ಟ್ರೇಲರ್ ಹೊಸ ಪ್ರಾಣಿಯೇನಲ್ಲ. 1988ರ ಮೋಟಾರು ವಾಹನ ಕಾಯ್ದೆ ಅದಕ್ಕೆ ಪ್ರತ್ಯೇಕ ನೋಂದಣಿ ಕೇಳುತ್ತದೆ, ಎಳೆಯುವ ವಾಹನದ ನಂಬರನ್ನೂ ಅದರ ಬೆನ್ನಿಗೆ ಹಾಕಬೇಕೆನ್ನುತ್ತದೆ. ನಂಬರ್ ಪ್ಲೇಟಿಗಿರುವ ಈ ಕಾಳಜಿ ತೂಕಕ್ಕೂ ಬಂದರೆ ಸಾಕು.

ಅಲ್ಲಿಯವರೆಗೆ, ಕೈಪಿಡಿ ಬೇಡವೆಂದ ಕಾರಿನಲ್ಲಿ ಎಳೆಯಬೇಡಿ. ಅಪಘಾತವಾದರೆ ವಿಮೆಯವರು ಮೊದಲು ತೆರೆಯುವ ಪುಟ ಅದೇ. ಎಳೆಯುವ ಅಧಿಕೃತ ಮಿತಿ ಇರುವ ವಾಹನವಿದ್ದವರು ಕಂಪನಿ ಹೇಳಿದ ಕೊಕ್ಕೆ ಹಾಕಿಸಿ, ಆ ಮಿತಿಯ ಮುಕ್ಕಾಲಿಗೆ ನಿಲ್ಲಿ. ನೀರನ್ನು ತಲುಪಿದ ಮೇಲೆ ತುಂಬಿಸಿಕೊಳ್ಳಿ. ಹೊರಡುವ ಹಿಂದಿನ ಭಾನುವಾರ ಖಾಲಿ ಮೈದಾನದಲ್ಲಿ ರಿವರ್ಸ್ ಕಲಿಯಿರಿ: ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗ್ ಬಲಕ್ಕೆ. ಟೋಲ್ ನಾಕೆಯಲ್ಲಿ ತಪ್ಪು ಸಾಲಿಗೆ ನುಗ್ಗಿ, ಹಿಂದೆ ಇಪ್ಪತ್ತು ಲಾರಿ ಹಾರ್ನ್ ಹೊಡೆಯುತ್ತಿರುವಾಗ ಆ ಪಾಠ ತಲೆಗೆ ಹತ್ತುವುದಿಲ್ಲ.