ಜಾತಿ ನಾಯಿ, ಕಂತ್ರಿ ನಾಯಿ ಮತ್ತು ನನ್ನ ಮೊಬೈಲು



"ಏನ್ ಸಾರ್, ಹೋರಾಟ ಬಿಟ್ಟು ನಾಯಿ ಫೋಟೋ ಹಾಕ್ತಾ ಕೂತಿದ್ದೀರಿ" ಅಂತ ಇಬ್ಬರು ಮೂವರು ಕೇಳಿದ್ದಾರೆ. ಉತ್ತರ ಸ್ವಲ್ಪ ಉದ್ದ ಆಗತ್ತೆ.

ದುಡ್ಡು ಕೊಟ್ಟು ತಂದ ನಾಯಿಗೆ ನಾವು "ಜಾತಿ ನಾಯಿ" ಅಂತೀವಿ. ಬೀದಿಯಲ್ಲಿ ಹುಟ್ಟಿದ್ದು "ಕಂತ್ರಿ". ಬೈಯೋಕೂ ಅದೇ ಪದ. 2018ರ ಜನವರಿಯಲ್ಲಿ ಇದೇ ಬಳ್ಳಾರಿಯಲ್ಲಿ, ಸಂವಿಧಾನದ ಬಗ್ಗೆ ಆಡಿದ ಮಾತಿಗೆ ಪ್ರತಿಭಟನೆ ಎದುರಿಸಿದ ಕೇಂದ್ರ ಮಂತ್ರಿಯೊಬ್ಬರ ಬಾಯಲ್ಲಿ ಬಂದಿದ್ದೂ ಬೀದಿ ನಾಯಿಯ ಬೊಗಳಾಟವೇ. ದಲಿತರಿಗೆ ಹೇಳಿದ್ದಲ್ಲ ಅಂತ ಆಮೇಲೆ ಸ್ಪಷ್ಟನೆ ಬಂತು. ಇರಲಿ. ನನಗೆ ಆವತ್ತಿಂದ ಕಾಡಿದ್ದು ಬೇರೆ ಪ್ರಶ್ನೆ: ಆ ಬೀದಿ ನಾಯಿಯನ್ನ ಯಾರಾದ್ರೂ ಸರಿಯಾಗಿ ನೋಡಿದ್ದಾರಾ?

ಮುಧೋಳ ನಾಯಿಯ ಫೋಟೋ ಎಲ್ಲರೂ ನೋಡಿದ್ದೀರಿ. 2005ರಲ್ಲಿ ಅಂಚೆಚೀಟಿ ಬಂತು, 2016ರಲ್ಲಿ ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೂ ಹೋಯ್ತು. ಹೆಮ್ಮೆ ಪಡೋಣ, ಚಂದದ ನಾಯಿ. ಆದರೆ ಆ ಫೋಟೋಗಳನ್ನ ಸಾಲಾಗಿ ಇಟ್ಟು ನೋಡಿ. ಪಕ್ಕಕ್ಕೆ ನಿಲ್ಲಿಸಿ, ಸೊಂಟ, ಕಾಲು, ಮೂತಿ ಕಾಣೋ ಹಾಗೆ ತೆಗೆದಿರ್ತಾರೆ. ತಳಿ ಕಾಣತ್ತೆ. ಆ ಒಂದು ನಾಯಿ ತುಂಟನಾ, ಅಂಜುಬುರುಕನಾ, ಅದು ಗೊತ್ತಾಗೋದೇ ಇಲ್ಲ.

ನಾನು ತೆಗೆಯೋದು ದುಡಿಯೋ ನಾಯಿಗಳದ್ದು. ಸಿರುಗುಪ್ಪ ಕಡೆ ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆಯಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸ್ತಾರಲ್ಲ, ಅಲ್ಲಿ ಒಂದೇ ಮಂದೆಗೆ ಮೂರು ನಾಯಿ ಇದ್ವು. ಒಂದು ಸುತ್ತೋದು ನಿಲ್ಲಿಸೋದೇ ಇಲ್ಲ, ಅದರ ಎಲ್ಲಾ ಫೋಟೋದಲ್ಲೂ ಬಾಲ ಮಾತ್ರ ಐತೆ. ಕೆಂಪಿ ಎಳೇ ಮರಿಗಳ ಪಕ್ಕ ಮಲಗಿದವಳು ನಾನು ಎಷ್ಟು ಕರೆದ್ರೂ ಎದ್ದಿಲ್ಲ. ಕರಿಯ ಮೊಬೈಲ್ ಕಂಡರೆ ಮುಖ ತಿರುಗಿಸ್ತಾನೆ, ಬುತ್ತಿ ಬಿಚ್ಚೋ ಸದ್ದಾದ್ರೆ ವಾಪಸ್ ತಿರುಗ್ತಾನೆ. "ಅವ್ನು ಕುರಿ ಕಾಯಾಕ ಇರೋದಲ್ಲ ಸರ, ನನ್ನ ಕಾಯಾಕ ಅದಾನೆ" ಅಂದ್ರು ಕುರಿ ಕಾಯೋ ಹಿರಿಯರು. ಕುರುಗೋಡಿನ ಹತ್ತಿರ ಮೆಣಸಿನಕಾಯಿ ಒಣಹಾಕಿದ ಕಣದಲ್ಲಿ ಒಬ್ಬ ಕಾವಲುಗಾರ ಇದ್ದಾನೆ, ಘಾಟಿಗೆ ಸೀನ್ತಾನೆ, ಜಾಗ ಮಾತ್ರ ಬಿಡಲ್ಲ. ಕೌಲ್ ಬಜಾರಿನಲ್ಲಿ ಒಂದು ಕುಂಟು ನಾಯಿ ಬೆಳಗ್ಗೆ ಕಸ ಗುಡಿಸೋ ಅಕ್ಕನ ಗಾಡಿ ಹಿಂದೆ ಬೀದಿ ಮುಗಿಯೋತನಕ ಹೋಗತ್ತೆ, ಅಲ್ಲಿಂದ ತಿರುಗಿ ಬರತ್ತೆ.

ನೆಲಕ್ಕೆ ಮಂಡಿ ಊರಬೇಕು. ನಿಂತು ತೆಗೆದ್ರೆ ಬರೀ ಬೆನ್ನು ಬರತ್ತೆ. ಕಪ್ಪು ನಾಯಿಯನ್ನ ನಮ್ಮೂರ ಮಧ್ಯಾಹ್ನದ ಬಿಸಿಲಲ್ಲಿ ತೆಗೆದ್ರೆ ಕಣ್ಣೇ ಕಾಣಲ್ಲ, ಇದ್ದಿಲ ಮುದ್ದೆ. ಬೆಳಗ್ಗೆ ಏಳರೊಳಗೆ ಹೋಗಿ, ಮುಖದ ಮೇಲೆ ಬೆರಳಿಟ್ಟು ಬೆಳಕು ಹೆಚ್ಚಿಸಿ. (ಮದುವೆ ಫೋಟೋದಲ್ಲಿ ನಮ್ಮವರ ಮುಖಕ್ಕೂ ಇಷ್ಟು ತಾಳ್ಮೆ ತೋರಿಸಿದ್ರೆ ಪೌಡರ್ ಬಳಿಯೋದು ತಪ್ತಿತ್ತು.)

ಅಲಾಸ್ಕದಲ್ಲಿ ಹಿಮದ ಮೇಲೆ ಬಂಡಿ ಎಳೆಯೋ ನಾಯಿಗಳ ಫೋಟೋ ಹುಡುಕಿ ನೋಡಿ. ಒಂದೊಂದಕ್ಕೂ ಹೆಸರು, ಒಂದೊಂದಕ್ಕೂ ಜಾಗ: ದಾರಿ ಹುಡುಕೋದು ಮುಂದೆ, ಭಾರ ಎಳೆಯೋ ಗಟ್ಟಿಗರು ಬಂಡಿಯ ಹತ್ತಿರ. ಅಲ್ಲಿನ ಸುಮಾರು 1,600 ಕಿ.ಮೀ. ಓಟದಲ್ಲಿ ಹೆಚ್ಚಾಗಿ ಓಡೋ ಅಲಾಸ್ಕನ್ ಹಸ್ಕಿ ನಮ್ಮ ಭಾಷೆಯಲ್ಲಿ ಕಂತ್ರಿಯೇ. ಬೆರಕೆ. ಓಟ, ಹುಮ್ಮಸ್ಸು ನೋಡಿ ಬೆಳೆಸಿದ್ದು. ಅಲ್ಲೂ ಅನ್ಯಾಯ ಇಲ್ಲ ಅಂತಲ್ಲ. 1925ರಲ್ಲಿ ನೋಮ್ ಊರಿಗೆ ಗಂಟಲಮಾರಿಗೆ ಔಷಧ ಸಾಗಿಸಿದಾಗ ಅತಿ ಉದ್ದದ, ಅಪಾಯದ ದಾರಿ ಓಡಿದ್ದು ಟೋಗೊ. ನ್ಯೂಯಾರ್ಕಿನಲ್ಲಿ ಪ್ರತಿಮೆ ಎದ್ದಿದ್ದು ಕೊನೆಯ ಭಾಗ ಓಡಿದ ಬಾಲ್ಟೋಗೆ!

"ನಾಯಿಗೆ ನೀರಿತ್ತು, ನಮಗಿರಲಿಲ್ಲ" ಅನ್ನೋ ಸಿಟ್ಟು ನಮ್ಮಲ್ಲಿ ಇದೆ. ನ್ಯಾಯವಾದ ಸಿಟ್ಟು. 1927ರಲ್ಲಿ ಮಹಾಡದ ಕೆರೆಗೆ ನಡೆದಿದ್ದು ಅದಕ್ಕೇ. ಆದರೆ ನೀರು ತಡೆದಿದ್ದು ನಾಯಿ ಅಲ್ಲವಲ್ಲ. 1934ರ ರಾಜಗೃಹದ ಫೋಟೋ ತೆಗೆದು ನೋಡಿ: ಬಾಬಾಸಾಹೇಬರು, ರಮಾಬಾಯಿ, ಯಶವಂತ, ಲಕ್ಷ್ಮೀಬಾಯಿ, ಮುಕುಂದ. ಜೊತೆಗೆ ಮನೆಯ ನಾಯಿ ಟೋಬಿ, ಹೆಸರು ಸಮೇತ.

ನಾಯಿ ಕಡಿದ್ರೆ ಮೊದಲು ಕಡಿಯೋದು ನಮ್ಮ ಕೇರಿ ಮಕ್ಕಳಿಗೆ, ನಸುಕಿನಲ್ಲಿ ಕೆಲಸಕ್ಕೆ ಹೋಗೋ ಪೌರಕಾರ್ಮಿಕರಿಗೆ. ಅದಕ್ಕೇ ಹೇಳ್ತೀನಿ, ನಿಮ್ಮ ಕೇರಿಯ ನಾಯಿ ಫೋಟೋ ಹಾಕಿ. ತಳಿ ಬ್ಯಾಡ. ಹೆಸರು, ಅದರ ಕೆಲಸ, ಅದರ ಚಾಳಿ, ಅನ್ನ ಹಾಕೋರು ಯಾರು ಅಂತ ಬರೀರಿ. ರೇಬೀಸ್ ಲಸಿಕೆ ಆಗಿಲ್ಲ ಅಂದ್ರೆ ಅದನ್ನೂ ಬರೀರಿ, ಪಟ್ಟಿ ಮಾಡಿ ಅರ್ಜಿ ಟೈಪ್ ಮಾಡೋ ಕೆಲಸ ನನಗಿರಲಿ.