ಎದೆನೋವಿಗೆ ‘ಗ್ಯಾಸ್’ ಎಂದು ಹೆಸರಿಟ್ಟು

2025ರ ಜೂನ್ ವೇಳೆಗೆ ಹಾಸನ ಜಿಲ್ಲೆಯಲ್ಲಿ ಕೆಲವೇ ವಾರಗಳೊಳಗೆ ಇಪ್ಪತ್ತಕ್ಕೂ ಅಧಿಕ ಮಂದಿ ಹೃದಯಾಘಾತದಿಂದ ಮೃತಪಟ್ಟರೆಂಬ ಸುದ್ದಿ ಹಬ್ಬಿದಾಗ, ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಮುಗಿಬಿದ್ದರು. ಮೃತರಲ್ಲಿ ಹಲವರು ಯುವಕರು ಎಂಬುದೇ ಆ ಭಯಕ್ಕೆ ಕಾರಣವಾಗಿತ್ತು. ಕೋವಿಡ್ ಲಸಿಕೆಯೇ ಕೊಂದಿತು ಎಂಬ ವದಂತಿ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿಯು ಆ ಸಾವುಗಳನ್ನು ಪರಿಶೀಲಿಸಿ, ಅಸಹಜ ಏರಿಕೆಯೇನೂ ಕಂಡುಬಂದಿಲ್ಲವೆಂದು ವರದಿ ನೀಡಿತು. ವದಂತಿಯನ್ನು ಹಂಚಿದವರಲ್ಲಿ ಎಷ್ಟು ಮಂದಿ ಈ ವರದಿಯನ್ನೂ ಹಂಚಿದರು?

ಆಸ್ಪತ್ರೆಯ ಮರಣಗಳು ಅಂದಿನಿಂದ ಇಂದಿಗೆ ಬದಲಾಗಿರುವುದಂತೂ ನಿಜ. 1971ರಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 129 ಶಿಶುಗಳು ವರ್ಷ ತುಂಬುವ ಮೊದಲೇ ಅಸುನೀಗುತ್ತಿದ್ದವು. 2020ರಲ್ಲಿ ಆ ಸಂಖ್ಯೆ 28ಕ್ಕೆ ಇಳಿದಿತ್ತು. ವಾಂತಿಭೇದಿ, ದಡಾರಗಳಿಂದ ಪಾರಾದ ಮಗು ಈಗ ನಲ್ವತ್ತೈದರ ಹರೆಯದಲ್ಲಿ ತೀವ್ರ ನಿಗಾ ಘಟಕದಲ್ಲಿ ಮಲಗಿದೆ. ಆದರೆ ಆಸ್ಪತ್ರೆಯ ದಾಖಲೆಯೊಂದನ್ನೇ ನೋಡಿ ಇಡೀ ಸಮಾಜದ ಆಯುಸ್ಸನ್ನು ಅಳೆಯುವಂತಿಲ್ಲ. ಎಂಬತ್ತರ ವೃದ್ಧರು ಅನೇಕ ವೇಳೆ ಮನೆಯಲ್ಲೇ, ಮಕ್ಕಳು ಮೊಮ್ಮಕ್ಕಳ ನಡುವೆ ಕೊನೆಯುಸಿರೆಳೆಯುತ್ತಾರೆ. ನಲ್ವತ್ತರವನನ್ನಾದರೋ ಸಾಲ ಮಾಡಿಯಾದರೂ ಆಸ್ಪತ್ರೆಗೆ ಒಯ್ಯುತ್ತೇವೆ.

ಹಾಗಾದರೆ ಭಯ ನಿರಾಧಾರವೇ? ಅಲ್ಲ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನದ ಮಾಹಿತಿಯಂತೆ, ದಕ್ಷಿಣ ಏಷ್ಯನ್ನರಿಗೆ ಮೊದಲ ಹೃದಯಾಘಾತವು ಸರಾಸರಿ 53ನೇ ವಯಸ್ಸಿನಲ್ಲಿ ಆಗುತ್ತದೆ. ಇತರೆಡೆಯವರಿಗೆ ಸುಮಾರು 59ರಲ್ಲಿ. ಅದರ ನೇತೃತ್ವ ವಹಿಸಿದ್ದ ಡಾ. ಸಲೀಂ ಯೂಸುಫ್ ಬೆಂಗಳೂರಿನ ಸೈಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಕಲಿತವರೆಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಲಿ. ಧೂಮಪಾನ, ಕೊಲೆಸ್ಟರಾಲ್, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ ಮೊದಲಾದ ಒಂಬತ್ತು ಅಂಶಗಳೇ ಹೃದಯಾಘಾತದ ಅಪಾಯದ ಬಹುಪಾಲಿಗೆ ಕಾರಣವೆಂದು ಅವರ ತಂಡ ತೋರಿಸಿತು. ಇವುಗಳಲ್ಲಿ ಯಾವುದು ನಮ್ಮ ಮನೆಯಲ್ಲಿಲ್ಲ?

ರಾತ್ರಿ ಎದೆ ಹಿಂಡಿದಾಗ ಅದಕ್ಕೆ ನಾವು ಇಡುವ ಹೆಸರು ‘ಗ್ಯಾಸ್’. ಸೋಡಾ ಕುಡಿಸಿ, ಬೆನ್ನು ತಿಕ್ಕಿ, ಬೆಳಗಾಗಲೆಂದು ಕಾಯುತ್ತೇವೆ. ಇನ್ನು ಹೆಂಗಸರ ಪಾಡು ಹೇಳತೀರದು. ಉಬ್ಬಸ, ಬೆನ್ನುನೋವು, ವಿಪರೀತ ಆಯಾಸ ಅವರಲ್ಲಿ ಹೃದಯಾಘಾತದ ಸೂಚನೆಯಾಗಿರಬಹುದು. ಅದನ್ನು ಅಡುಗೆಮನೆಯ ದಣಿವೆಂದು ತಳ್ಳಿಹಾಕುತ್ತೇವೆ. ಜೊತೆಗೆ ಹೋಗಲು ಗಂಡಸರು ಬರುವವರೆಗೂ ಆಕೆ ಕಾಯಬೇಕು! ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು, 2021ರಲ್ಲಿ 46ನೇ ವಯಸ್ಸಿಗೇ ಅಗಲಿದ ನಟ ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯಜ್ಯೋತಿ’ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ನೀಡಲಾಗುತ್ತಿದೆ. ಆದರೆ ನೋವು ಶುರುವಾದ ಮೊದಲ ಗಂಟೆಗಳಲ್ಲಿ ಅಲ್ಲಿಗೆ ತಲುಪಿದವರಿಗಷ್ಟೇ ಅದರ ಪೂರ್ಣ ಪ್ರಯೋಜನ.

ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ನಡೆಸಬೇಕು ಎಂದು ರಾಜ್ಯ ಸರಕಾರ 2025ರ ಜುಲೈಯಲ್ಲಿ ಪ್ರಕಟಿಸಿತು. ದಫನಕ್ಕೆ ಅವಸರಿಸುವ ನಮ್ಮ ಕುಟುಂಬಗಳಿಗೆ ಇದು ಕಹಿ ಮಾತು. ಮಯ್ಯತ್‌ನ ಗೌರವದ ಕುರಿತ ಆತಂಕ ಸಹಜವಾದದ್ದು. ಆದರೆ ನಲ್ವತ್ತರಲ್ಲಿ ತೀರಿಕೊಂಡವನಿಗೆ ತಮ್ಮಂದಿರಿರುತ್ತಾರೆ, ಮಕ್ಕಳಿರುತ್ತಾರೆ. ಆತನ ಸಾವಿನ ನಿಜ ಕಾರಣ ತಿಳಿಯದಿದ್ದರೆ, ಅವರ ರಕ್ತದಲ್ಲಿ ಏನನ್ನು ಪರೀಕ್ಷಿಸಬೇಕೆಂದು ಯಾವ ವೈದ್ಯ ಹೇಳಬಲ್ಲ?