ಈಡು ಕೊಟ್ಟವರಾರು, ಬಿಡುಗಡೆ ಯಾರಿಗೆ?

ಕಳೆದ ತಿಂಗಳು ಮಧುಗಿರಿಯಲ್ಲಿ ಸೇರಿದ್ದ ನಮ್ಮ ಕಾವ್ಯವಾಚನಗೋಷ್ಠಿಯಲ್ಲಿ ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ ಖಂಡಕಾವ್ಯವು ಓದಲ್ಪಟ್ಟಿತು. ಯೇಸುವಿನ ಕಡೆಯ ದಿನವನ್ನು ಕುರಿತ ಈ ಕೃತಿಯನ್ನು ಬರೆದ ಕವಿ ಕ್ರೈಸ್ತನಲ್ಲ. ಹಳಗನ್ನಡದ ಹದವನ್ನು ಬಲ್ಲ ಗೌಡಸಾರಸ್ವತ ಬ್ರಾಹ್ಮಣ. ಅದೇ ಕವಿಯು ಮುಂದೆ ಬುದ್ಧನ ಕಡೆಯ ದಿನವನ್ನು ಕುರಿತು ‘ವೈಶಾಖಿ’ಯನ್ನೂ ಬರೆದನು. ವಾಚಕರ ಕಂಠವು ಇಂಪಾಗಿತ್ತು, ಅರ್ಥವೂ ಸ್ಫುಟವಾಗಿ ಕೇಳಿಬರುತ್ತಿತ್ತು. ಆದರೆ ವಾಚನವು ಮುಗಿದ ಮೇಲೆ ವ್ಯಾಖ್ಯಾನಕ್ಕೆಂದು ಎದ್ದ ಇಬ್ಬರು ಮಿತ್ರರ ಮಾತುಗಳನ್ನು ಕೇಳಿ ನನಗೆ ಉಂಟಾದ ಅಸಮಾಧಾನವನ್ನು, ಹೊತ್ತು ಮೀರಿದ್ದ ಕಾರಣ, ಅಲ್ಲಿ ಹೇಳಲು ಆಗಲಿಲ್ಲ. ಆದುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯವರು ಹೇಳಿದ್ದು ಇಷ್ಟು: ಒಬ್ಬನು ಮಾಡಿದ ಪಾಪವು ಇನ್ನೊಬ್ಬನ ಮರಣದಿಂದ ಕಳೆಯುವುದೆಂಬ ಮಾತು ಕರ್ಮಸಿದ್ಧಾಂತವನ್ನು ಬಲ್ಲ ನಮಗೆ ಬಾಲಿಶವಾಗಿ ತೋರುವುದು, ಕಾವ್ಯವು ಕಾವ್ಯವೆಂದು ಚೆನ್ನ, ತತ್ತ್ವವೆಂದು ಶೂನ್ಯ. ಎರಡನೆಯವರು ಇದಕ್ಕೆ ಸಮಾಧಾನ ಹೇಳಹೊರಟು, ಶಿಲುಬೆಯೂ ಪುರುಷಸೂಕ್ತವೂ ನಮ್ಮ ಪುಣ್ಯಕೋಟಿಯೂ ಒಂದೇ ಎಂದೂ, ತ್ಯಾಗಕ್ಕೆ ಮತಭೇದವಿಲ್ಲವೆಂದೂ ನುಡಿದು ಚಪ್ಪಾಳೆಯನ್ನು ಗಿಟ್ಟಿಸಿದರು. ಒಬ್ಬರು ಸಿದ್ಧಾಂತವನ್ನು ಬಾಗಿಲಲ್ಲೇ ತಡೆದರು. ಮತ್ತೊಬ್ಬರು ಅಗಿಯದೆ ನುಂಗಿದರು. ನನ್ನ ಅಭಿಪ್ರಾಯದಲ್ಲಿ ಎರಡನೆಯದೇ ಹೆಚ್ಚಿನ ಅಪಚಾರ. ಅದು ಸಿಹಿಯಾಗಿರುವುದರಿಂದ ಯಾರೂ ಅದನ್ನು ಅಪಚಾರವೆಂದು ತಿಳಿಯರು.

ಮೊದಲನೆಯವರನ್ನು ಆಕ್ಷೇಪಿಸುವ ಮುನ್ನ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಪಾಠಶಾಲೆಯ ವಿದ್ಯೆಯನ್ನು ಮುಗಿಸಿ ಹೊಸದಾಗಿ ಸಂಸ್ಕೃತದ ಉಪಾಧ್ಯಾಯನಾಗಿ ಬಂದ ದಿನಗಳವು. ಶಂಕರರದೆಂದು ಪ್ರಸಿದ್ಧವಾದ ವಿವೇಕಚೂಡಾಮಣಿಯಲ್ಲಿ ಒಂದು ಪ್ರಕರಣ ಉಂಟು: ತಂದೆಯ ಸಾಲವನ್ನು ಮಕ್ಕಳು ತೀರಿಸಬಹುದು, ತಲೆಯ ಮೇಲಣ ಹೊರೆಯನ್ನು ಇತರರು ಇಳಿಸಬಹುದು, ಹಸಿವನ್ನಾದರೋ ತಾನೇ ಉಂಡು ಕಳೆಯಬೇಕು, ರೋಗಿಯು ತಾನೇ ಔಷಧವನ್ನು ಸೇವಿಸಬೇಕು, ಬಂಧವನ್ನೂ ತಾನೇ ಬಿಡಿಸಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಇದನ್ನು ವಿವರಿಸುತ್ತಾ ನಾನು ತರಗತಿಯಲ್ಲಿದ್ದ ಒಬ್ಬ ಕ್ರೈಸ್ತ ಬಾಲಕನ ಕಡೆ ತಿರುಗಿ, “ಏನಪ್ಪ, ಪಕ್ಕದ ಮನೆಯವನು ಕಷಾಯ ಕುಡಿದರೆ ನಿನ್ನ ಜ್ವರ ಇಳಿಯುತ್ತದೆಯೆ? ನಿಮ್ಮವರು ಹೇಳುವುದು ಇದನ್ನೇ ಅಲ್ಲವೆ?” ಎಂದೆ. ಹುಡುಗರೆಲ್ಲ ನಕ್ಕರು. ಅವನು ತಲೆ ತಗ್ಗಿಸಿದನು.

ಮೂರು ದಿನಗಳ ಮೇಲೆ ಅವನ ತಂದೆಯು ಬಂದನು. ಆಸ್ಪತ್ರೆಯೊಂದರಲ್ಲಿ ಕಾಂಪೌಂಡರ್ ಆಗಿದ್ದವನು, ಕೋಪವಿಲ್ಲದ ಮನುಷ್ಯ. ಕುಳಿತುಕೊಳ್ಳಿರೆಂದರೂ ಕೂರಲಿಲ್ಲ. “ಮೇಷ್ಟ್ರೇ, ಔಷಧಿಯನ್ನ ಇನ್ನೊಬ್ಬರು ಕುಡಿದರೆ ಆಗೋದಿಲ್ಲ, ನಿಜ. ಆದರೆ ರಕ್ತವನ್ನ ಇನ್ನೊಬ್ಬರೇ ಕೊಡಬೇಕು. ಇವನು ಹುಟ್ಟಿದಾಗ ಇವನ ತಾಯಿಗೆ ಕೊಟ್ಟ ರಕ್ತ ಯಾರದೋ, ಇವತ್ತಿಗೂ ನಮಗೆ ಗೊತ್ತಿಲ್ಲ” ಎಂದು ಹೇಳಿ, ನಮಸ್ಕಾರ ಮಾಡಿ ಹೊರಟುಹೋದನು. ನನಗೆ ಆ ದಿನ ಉತ್ತರ ಹೊಳೆಯಲಿಲ್ಲ. ಮೊನ್ನೆ ಗೋಷ್ಠಿಯಲ್ಲಿ ಅದೇ ಕಷಾಯದ ದೃಷ್ಟಾಂತವನ್ನು ಅದೇ ನಗೆಯೊಡನೆ ಕೇಳಿದಾಗ ಹಳೆಯ ಗಾಯವು ಮತ್ತೆ ಕೆದಕಿದಂತಾಯಿತು.

ಈಗ ವಿಚಾರಕ್ಕೆ ಬರೋಣ. ಪಾಪವೆಂಬುದು ಯಾವುದರಂತೆ? ಎಲ್ಲವೂ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಪಾಪವು ರೋಗದಂತೆ ಎಂದರೆ ಒಂದು ಉತ್ತರ, ಸಾಲದಂತೆ ಎಂದರೆ ಮತ್ತೊಂದು, ಸೆರೆಯಂತೆ ಎಂದರೆ ಬೇರೊಂದು. ನಮ್ಮ ಮಿತ್ರರು ಉಲ್ಲೇಖಿಸಿದ ಗ್ರಂಥವೇ ಸಾಲವನ್ನು ಮಗನು ತೀರಿಸಬಹುದೆಂದು ಒಪ್ಪಿದೆಯಷ್ಟೆ. ಕ್ರೈಸ್ತರ ಸುವಾರ್ತೆಯಲ್ಲಿ ಯೇಸುವು ತನ್ನ ಪ್ರಾಣವನ್ನು ಕುರಿತು ಹೇಳುವ ಕಡೆ ಕನ್ನಡ ಸತ್ಯವೇದದ ಭಾಷಾಂತರಕಾರರು ‘ಈಡು’ ಎಂಬ ಶಬ್ದವನ್ನಿಟ್ಟರು. ಗ್ರೀಕಿನಲ್ಲಿ ಅದು ಗುಲಾಮನನ್ನು ಬಿಡಿಸಲು ತೆರುವ ಹಣದ ಹೆಸರು. ಯೆಹೂದ್ಯರ ಧರ್ಮಶಾಸ್ತ್ರದಲ್ಲಿಯೂ, ಬಡತನದಿಂದ ಭೂಮಿಯನ್ನೋ ತನ್ನನ್ನೇ ಆಗಲಿ ಮಾರಿಕೊಂಡವನನ್ನು ಅವನ ಹತ್ತಿರದ ಬಂಧುವು ಬೆಲೆಕೊಟ್ಟು ಬಿಡಿಸಬೇಕೆಂಬ ವಿಧಿ ಉಂಟು. ‘ವಿಮೋಚಕ’ ಎಂಬ ಪದವು ಅಲ್ಲಿಂದ ಬಂದುದು, ಆಕಾಶದಿಂದ ಇಳಿದದ್ದಲ್ಲ.

ಇದನ್ನು ಪಾವಗಡ ಶಿರಾ ಕಡೆಯ ರೈತನಿಗೆ ವಿವರಿಸಿ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷದಲ್ಲಿ ಸಾಲಕ್ಕಾಗಿ ಮಗನನ್ನು ಜೀತಕ್ಕಿಟ್ಟ ಮನೆಗಳ ನೆನಪು ನಮ್ಮ ಬಯಲುಸೀಮೆಯ ಹಿರಿಯರಿಗೆ ಇನ್ನೂ ಮಾಸಿಲ್ಲ. ಜೀತಪದ್ಧತಿಯನ್ನು ರದ್ದುಗೊಳಿಸುವ ಕಾಯಿದೆಯು ಬಂದದ್ದು ೧೯೭೬ರಲ್ಲಿ. ಜೀತದಲ್ಲಿದ್ದ ಹುಡುಗನಿಗೆ ‘ನಿನ್ನ ಬಂಧವನ್ನು ನೀನೇ ಬಿಡಿಸಿಕೊಳ್ಳಬೇಕು, ಅನ್ಯರಿಂದ ಆಗದು’ ಎಂದು ವಿವೇಕಚೂಡಾಮಣಿಯನ್ನು ಬೋಧಿಸಿದ್ದರೆ ಅವನು ನಮ್ಮ ಮುಖವನ್ನು ಹೇಗೆ ನೋಡುತ್ತಿದ್ದನು? ಆತ್ಮವಿಷಯದಲ್ಲಿ ಆ ಮಾತು ನಿಜವೆಂದು ನಾನು ನಂಬುತ್ತೇನೆ. ಆದರೆ ಸೆರೆಯ ಉಪಮಾನವನ್ನು ಆರಿಸಿಕೊಂಡವನ ಮುಂದೆ ಹಸಿವಿನ ಉಪಮಾನವನ್ನಿಟ್ಟು ಗೆದ್ದೆವೆನ್ನುವುದು ವಾದವಲ್ಲ.

ಇನ್ನು ಕರ್ಮದ ವಿಷಯ. ಕರ್ಮಫಲವು ಒಬ್ಬನಿಂದ ಒಬ್ಬನಿಗೆ ಹೋಗದೆಂಬುದನ್ನು ನಮ್ಮ ಮಿತ್ರರು ವೇದವಾಕ್ಯದಂತೆ ಘೋಷಿಸಿದರು. ಹಾಗಾದರೆ ವರ್ಷವರ್ಷವೂ ಪಿತೃಗಳಿಗೆ ಪಿಂಡವನ್ನಿಡುವುದೇಕೆ? ಮಾರ್ಕಂಡೇಯಪುರಾಣದ ವಿಪಶ್ಚಿತ್ ರಾಜನ ಕಥೆಯನ್ನು ಅವರು ಓದಿಲ್ಲವೆ? ಅಲ್ಪದೋಷಕ್ಕಾಗಿ ನರಕವನ್ನು ಕಾಣಬೇಕಾಗಿ ಬಂದ ಆ ರಾಜನು, ತನ್ನ ಮೈಯನ್ನು ಸೋಕಿ ಬಂದ ಗಾಳಿಯಿಂದ ನರಕವಾಸಿಗಳ ಯಾತನೆಯು ತಣ್ಣಗಾಗುವುದನ್ನು ಕಂಡು, ಸ್ವರ್ಗಕ್ಕೆ ಕರೆದರೂ ಕದಲದೆ ನಿಂತನು. ಕಡೆಗೆ ತನ್ನ ಪುಣ್ಯವನ್ನೆಲ್ಲ ಕೊಟ್ಟು ಅವರನ್ನು ಬಿಡಿಸಿದನು. ಭಾಗವತದ ರಂತಿದೇವನೂ ತನಗೆ ಮುಕ್ತಿಯು ಬೇಡ, ಸಕಲ ಪ್ರಾಣಿಗಳ ದುಃಖವು ತನ್ನಲ್ಲಿರಲಿ ಎಂದು ಬೇಡುವನು. ಮಂತ್ರವನ್ನು ಎಲ್ಲರಿಗೂ ಸಾರಿ ತಾನು ನರಕಕ್ಕೆ ಹೋಗಲು ಸಿದ್ಧನಾದ ರಾಮಾನುಜಾಚಾರ್ಯರ ಕಥೆಯನ್ನು ನಾವು ಕಣ್ಣೀರಿಟ್ಟು ಕೇಳುತ್ತೇವೆ. ನಮ್ಮವರು ಹೇಳಿದರೆ ಕರುಣೆ, ಇತರರು ಹೇಳಿದರೆ ಬಾಲಿಶ. ಇದು ಯಾವ ನ್ಯಾಯ?

ಆದರೆ ಒಂದು ಕಡೆ ಪೂರ್ವಪಕ್ಷಕ್ಕೆ ಬಲವಿದೆ, ಅದನ್ನು ಮರೆಮಾಚಲಾರೆ. ಸಾಲವನ್ನು ತೀರಿಸಬಹುದು, ಸೆರೆಯನ್ನು ಬಿಡಿಸಬಹುದು, ಅಪರಾಧವನ್ನು ವರ್ಗಾಯಿಸಲಾದೀತೆ? ಕೊಲೆಗಾರನ ಬದಲು ನಿರಪರಾಧಿಯನ್ನು ಗಲ್ಲಿಗೇರಿಸುವ ನ್ಯಾಯಾಧೀಶನನ್ನು ಯಾರೂ ದಯಾಳುವೆನ್ನರು. ರಾಜಾ ರಾಮಮೋಹನರಾಯರು ೧೮೨೦ರಲ್ಲಿ ಯೇಸುವಿನ ನೀತಿಬೋಧೆಗಳನ್ನು ಮಾತ್ರ ಆಯ್ದು ಪ್ರಕಟಿಸಿದಾಗ ಶ್ರೀರಾಮಪುರದ ಪಾದ್ರಿ ಮಾರ್ಷ್‌ಮನ್ನರಿಗೂ ಅವರಿಗೂ ೧೮೨೩ರವರೆಗೆ ನಡೆದ ವಾಗ್ವಾದದ ಒಂದು ಮುಖ್ಯ ಗಂಟು ಇದೇ. ಯೆಹೂದ್ಯ ಪ್ರವಾದಿಯಾದ ಯೆಹೆಜ್ಕೇಲನೇ ತಂದೆಯ ಅಪರಾಧವನ್ನು ಮಗನು ಹೊರಲಾರನೆಂದು ಸಾರಿದ್ದಾನೆ. ಅಂದಮೇಲೆ ಆಕ್ಷೇಪವು ಅವರ ಮನೆಯೊಳಗೇ ಹುಟ್ಟಿದ್ದು. ಬೀದಿಯಲ್ಲಿ ಕರಪತ್ರವನ್ನು ಹಂಚುತ್ತಾ ‘ರಕ್ತವು ತೊಳೆಯುವುದು’ ಎಂದಷ್ಟೇ ಹೇಳಿ ಮುಂದೆ ಸಾಗುವ ಪ್ರಚಾರಕರು ಈ ಗಂಟನ್ನು ಬಿಚ್ಚುವ ಗೋಜಿಗೇ ಹೋಗುವುದಿಲ್ಲ. ಅವರ ಮೇಲಣ ಬೇಸರವು ಸಿದ್ಧಾಂತದ ಮೇಲೆ ಬೀಳುತ್ತದೆ.

ಅವರ ಪಂಡಿತರಲ್ಲಿಯೂ ಏಕವಾಕ್ಯತೆಯಿಲ್ಲ. ನಾಲ್ಕನೆಯ ಶತಮಾನದ ನಿಸ್ಸಾದ ಗ್ರೆಗರಿಯು ಈಡನ್ನು ಪಡೆದವನು ಸೈತಾನನೆಂದನು. ಕ್ಯಾಂಟರ್ಬರಿಯ ಅನ್ಸೆಲ್ಮನು ೧೦೯೮ರಲ್ಲಿ ಮುಗಿಸಿದ ಗ್ರಂಥದಲ್ಲಿ ಅದನ್ನು ನಿರಾಕರಿಸಿ, ಭಗ್ನವಾದ ದೇವರ ಗೌರವಕ್ಕೆ ಸಲ್ಲಿಸಿದ ತೃಪ್ತಿಯೆಂದನು. ಅಬೆಲಾರ್ಡನು, ಆ ಮರಣದಲ್ಲಿ ತೋರಿದ ಪ್ರೀತಿಯೇ ನಮ್ಮ ಹೃದಯವನ್ನು ತಿರುಗಿಸುವುದೆಂದನು. ಕ್ಯಾಲ್ವಿನನು ದಂಡನೆಯೆಂದನು. ನಿಕೇಯದ ವಿಶ್ವಾಸಪ್ರಮಾಣವಂತೂ ನಮಗೋಸ್ಕರ ಶಿಲುಬೆಗೇರಿದನೆಂದು ಹೇಳಿ, ಹೇಗೆ ಎಂಬುದನ್ನು ಹೇಳದೆ ಸುಮ್ಮನಾಗಿದೆ. ನಮ್ಮ ಭಾಷಣಕಾರರು ಖಂಡಿಸಿದ್ದು ಕ್ಯಾಲ್ವಿನನ ಮತವನ್ನು. ಗೆದ್ದುದಾಗಿ ಸಾರಿದ್ದು ಇಡೀ ಕ್ರೈಸ್ತಮತವನ್ನು. ದ್ವೈತವನ್ನು ಖಂಡಿಸಿ ವೇದಾಂತವೇ ಬಿತ್ತೆಂದರೆ ನಾವು ಒಪ್ಪುವೆವೆ?

ದಂಡನೆಯ ಮತಕ್ಕೂ ಅವರಲ್ಲೊಂದು ಸಮಾಧಾನವುಂಟು: ಅಲ್ಲಿ ಶಿಕ್ಷೆಯನ್ನು ಹೊತ್ತವನು ಹಿಡಿದು ತಂದ ಮೂರನೆಯವನಲ್ಲ, ತೀರ್ಪು ಹೇಳಿದವನೇ ಪೀಠದಿಂದಿಳಿದು ಬಂದವನು. ಯೇಸುವನ್ನು ಈಶ್ವರನೆಂದು ಒಪ್ಪದವನಿಗೆ ಈ ಸಮಾಧಾನವು ನಿಲ್ಲದು; ಒಪ್ಪಿದವನಿಗೆ ಆಕ್ಷೇಪವು ನಿಲ್ಲದು. ಆದಕಾರಣ ಜಗಳವಿರುವುದು ಅವತಾರದ ವಿಷಯದಲ್ಲಿ, ಕರ್ಮದ ವಿಷಯದಲ್ಲಲ್ಲ.

‘ಪಾಪಕ್ಕೆ ಪರವಾನಗಿ’ ಎಂದೊಂದು ಮಾತನ್ನೂ ಅವರು ಆಡಿದರು. ಗಾಂಧೀಜಿಯವರ ಆತ್ಮಕಥೆಯಲ್ಲಿ ಪ್ರಿಟೋರಿಯಾದ ಪ್ರಸಂಗವೊಂದಿದೆ. ಯೇಸುವು ಎಲ್ಲವನ್ನೂ ಹೊತ್ತಿರುವುದರಿಂದ ಪಾಪದ ಚಿಂತೆಯೇ ಬೇಡವೆಂದ ಒಬ್ಬ ಕ್ರೈಸ್ತನಿಗೆ ಅವರು, ತಮಗೆ ಬೇಕಾದ ಬಿಡುಗಡೆ ಪಾಪದ ಫಲದಿಂದಲ್ಲ, ಪಾಪದಿಂದಲೇ ಎಂದು ಉತ್ತರಕೊಟ್ಟರು. ಉತ್ತರವು ವಜ್ರದಂಥದು. ಆದರೆ ಗಾಂಧೀಜಿಯವರೇ ಅಲ್ಲಿ, ಎಲ್ಲ ಕ್ರೈಸ್ತರೂ ಹಾಗೆ ನಂಬುವವರಲ್ಲವೆಂಬುದು ತಮಗೆ ಮೊದಲೇ ತಿಳಿದಿತ್ತೆಂದು ಹೇಳುವುದನ್ನು ನಮ್ಮ ಮಿತ್ರರು ಬಿಟ್ಟುಬಿಟ್ಟರು. ಕೃಪೆಯು ಹೆಚ್ಚಲೆಂದು ಪಾಪದಲ್ಲಿಯೇ ಇರೋಣವೆ ಎಂಬ ಪ್ರಶ್ನೆಯನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ತಾನೇ ಎತ್ತಿ ತಾನೇ ತಳ್ಳಿಹಾಕಿದ್ದಾನೆ.

ಎರಡನೆಯ ಭಾಷಣಕಾರರ ಸಮನ್ವಯವು ಹೊಸದಲ್ಲ. ಮಂಗಳೂರಿನಲ್ಲಿ ಕಿಟ್ಟೆಲ್ ಪಂಡಿತರು ೧೮೭೨ರಲ್ಲಿ ಯಜ್ಞದ ಮೇಲೆ ಒಂದು ಹೊತ್ತಗೆಯನ್ನು ತಂದರು. ಕಲಕತ್ತೆಯ ಕೃಷ್ಣಮೋಹನ ಬ್ಯಾನರ್ಜಿಯವರು ೧೮೭೫ರ ಗ್ರಂಥದಲ್ಲಿ ಪ್ರಜಾಪತಿಯ ಆತ್ಮಯಜ್ಞವು ಕ್ರಿಸ್ತನ ಮುನ್ನೆರಳೆಂದು ವಾದಿಸಿದರು. ಅವರು ನಮ್ಮ ಯಜ್ಞವನ್ನು ಶಿಲುಬೆಯಲ್ಲಿ ಮುಗಿಸಹೊರಟರು. ನಮ್ಮ ಮಿತ್ರರು ಶಿಲುಬೆಯನ್ನು ನಮ್ಮ ಯಜ್ಞದಲ್ಲಿ ಕರಗಿಸಹೊರಟರು. ಎರಡರಲ್ಲಿಯೂ ಒಂದೊಂದು ಮತವು ತನ್ನ ಮಾತನ್ನು ತಾನೇ ಆಡುವ ಹಕ್ಕನ್ನು ಕಳೆದುಕೊಂಡಿತು.

ಪುರುಷಸೂಕ್ತದಲ್ಲಿ ದೇವತೆಗಳು ಪುರುಷನನ್ನೇ ಹವಿಸ್ಸಾಗಿಸಿದರು, ಸರಿ. ಆದರೆ ಆ ಯಜ್ಞದ ಫಲವೇನು? ಸೃಷ್ಟಿ. ಋಕ್ಕು ಸಾಮಗಳು, ಪಶುಗಳು, ಚಂದ್ರಸೂರ್ಯರು ಹುಟ್ಟಿದರು. ಅಲ್ಲಿ ಪಾಪದ ಸುದ್ದಿಯೇ ಇಲ್ಲ. ಒಬ್ಬನಿಗೆ ಬದಲಾಗಿ ಮತ್ತೊಬ್ಬನೆಂಬ ಕಥೆಯು ಬೇಕಾದರೆ ಐತರೇಯಬ್ರಾಹ್ಮಣದ ಶುನಃಶೇಪನ ಬಳಿಗೆ ಹೋಗಬೇಕು. ಹರಿಶ್ಚಂದ್ರನ ಮಗನಿಗೆ ಬದಲು ಬಡ ಬ್ರಾಹ್ಮಣನ ಮಗ. ನೂರು ಹಸುಗಳಿಗೆ ಮಾರಿದವನು ತಂದೆ, ಇನ್ನೊಂದು ನೂರಕ್ಕೆ ಕಂಬಕ್ಕೆ ಕಟ್ಟಿದವನೂ ಅವನೇ, ಮತ್ತೊಂದು ನೂರಕ್ಕೆ ಕತ್ತಿಯನ್ನು ಮಸೆದವನೂ ಅವನೇ. ಶ್ರುತಿಯು ಆ ಬಲಿಯನ್ನು ನಡೆಯಗೊಡಲಿಲ್ಲ. ದೇವತೆಗಳು ಪಾಶವನ್ನು ಬಿಡಿಸಿದರು, ಬಾಲಕನು ತಂದೆಯನ್ನು ತೊರೆದು ವಿಶ್ವಾಮಿತ್ರನ ಮಗನಾದನು. ಅದೇ ಬ್ರಾಹ್ಮಣದಲ್ಲಿ, ಯಜ್ಞಯೋಗ್ಯವಾದ ಸಾರವು ಮನುಷ್ಯನನ್ನು ಬಿಟ್ಟು ಕುದುರೆಗೆ, ಎತ್ತಿಗೆ, ಕುರಿಗೆ, ಆಡಿಗೆ ಹೋಗಿ, ಭೂಮಿಯನ್ನು ಹೊಕ್ಕು ಬತ್ತವಾಯಿತೆಂದಿದೆ. ಮಧ್ವಸಂಪ್ರದಾಯದ ಪಿಷ್ಟಪಶುವು ಈ ದಾರಿಯಲ್ಲಿಯೇ ಮುಂದುವರಿದುದು. ನಮ್ಮ ಪರಂಪರೆಯು ಬಲಿಯನ್ನು ರಕ್ತದಿಂದ ಹಿಟ್ಟಿನ ಕಡೆಗೆ ನಡೆಸಿತು. ಕ್ರೈಸ್ತರದು ಪಶುವಿನಿಂದ ಹೊರಟು ಈಶ್ವರನಲ್ಲಿಗೆ ಬಂದು, ಇನ್ನು ಬಲಿಯೇ ಬೇಡವೆಂದು ನಿಂತಿತು. ಇಬ್ರಿಯರಿಗೆ ಬರೆದ ಪತ್ರದ ಪ್ರಕಾರ ಅಲ್ಲಿ ಯಾಜಕನೂ ಅವನೇ, ಪಶುವೂ ಅವನೇ, ಕರ್ಮವು ಒಂದೇ ಸಲ. ದಾರಿಗಳು ಬೇರೆ. (ರಕ್ತಬಲಿಯು ಅನಾಗರಿಕವೆಂದು ಮೊನ್ನೆ ಮೂಗು ಮುರಿದವರು, ನಮ್ಮ ಮಾರಮ್ಮನ ಜಾತ್ರೆಗಳಲ್ಲಿ ಕೋಣನ ಬಲಿಯನ್ನು ತಡೆಯಲು ೧೯೫೯ರಲ್ಲಿ ಸರ್ಕಾರವು ಕಾಯಿದೆಯನ್ನೇ ಮಾಡಬೇಕಾಯಿತೆಂಬುದನ್ನು ನೆನೆಯಬಹುದು.)

ಪುಣ್ಯಕೋಟಿಯಂತೂ ಸಾಯಲೇ ಇಲ್ಲ! ಹಸುವು ಕೊಟ್ಟ ಮಾತಿಗೆ ಬಂದು ನಿಂತಿತು, ಪ್ರಾಣವನ್ನು ಬಿಟ್ಟದ್ದು ಹುಲಿ. ಅದು ಸತ್ಯದ ಕಥೆ, ಪ್ರಾಯಶ್ಚಿತ್ತದ ಕಥೆಯಲ್ಲ. ಕೆರೆಗೆ ಹಾರವಾದ ಭಾಗೀರಥಿಯು ಸತ್ತಳು, ನಿಜ; ಆದರೆ ಅವಳನ್ನು ಕೇಳಿದವರು ಯಾರು? ಕಿರಿಸೊಸೆಯೆಂದು ಹಿರಿಯರು ಗೊತ್ತುಮಾಡಿದರು. ನೀರಿಲ್ಲದ ಕೆರೆಗಳ ಸೀಮೆಯಲ್ಲಿ ಹುಟ್ಟಿದ ನನಗೆ ಆ ಹಾಡಿನ ಸಂಕಟವು ತಿಳಿಯುತ್ತದೆ. ಆದರೂ ಅದನ್ನು ತ್ಯಾಗವೆನ್ನಲು ನಾಲಗೆ ಏಳದು. ಯೇಸುವಾದರೋ ತನ್ನ ಪ್ರಾಣವನ್ನು ಯಾರೂ ಕಸಿಯುತ್ತಿಲ್ಲ, ತಾನೇ ಕೊಡುವೆನೆಂದನೆಂದು ಯೋಹಾನನು ಬರೆದಿದ್ದಾನೆ. ಹಿಂದಿನ ರಾತ್ರಿ ತೋಟದಲ್ಲಿ, ಸಾಧ್ಯವಾದರೆ ಈ ಪಾತ್ರೆಯು ತಪ್ಪಲೆಂದು ಬೇಡಿಕೊಂಡನೆಂಬುದನ್ನೂ ಉಳಿದವರು ಬಚ್ಚಿಟ್ಟಿಲ್ಲ. ನಮ್ಮಲ್ಲಿ ಇದಕ್ಕೆ ಸಮೀಪವಾದ ಮೂರ್ತಿಯನ್ನು ಹುಡುಕುವವರು ನೀಲಕಂಠನನ್ನು ನೆನೆಯಲಿ. ಲೋಕವನ್ನು ಸುಡುವ ವಿಷವನ್ನು ದೇವರೇ ಕುಡಿದನು. ಆದರೆ ಆತನು ಸಾಯಲಿಲ್ಲ, ಕೊರಳಲ್ಲಿ ಕಪ್ಪು ಮಾತ್ರ ಉಳಿಯಿತು. ಆ ಭೇದವೂ ಸಣ್ಣದಲ್ಲ.

ಇಷ್ಟೆಲ್ಲ ಹೇಳಿದವನು ತಾನೇ ಒಪ್ಪಿದನೆ ಎಂದು ವಾಚಕರು ಕೇಳಬಹುದು. ನಾನು ಒಪ್ಪಿಲ್ಲ. ಕಾಲದ ಒಂದು ದಿನದಲ್ಲಿ, ಒಂದು ಊರಿನ ಹೊರಗೆ, ಒಂದೇ ಸಲ ನಡೆದ ಕರ್ಮದಿಂದ ಹಿಂದುಮುಂದಣ ಸಕಲ ಜೀವರಿಗೂ ಬಿಡುಗಡೆಯಾಗುವುದೆಂಬುದು ಅನಾದಿಸಂಸಾರವನ್ನು ನಂಬಿದ ನನ್ನ ಬುದ್ಧಿಗೆ ಒಗ್ಗದು. ಅದಕ್ಕಿಂತ ಹೆಚ್ಚಾಗಿ ಕಾಡುವ ಪ್ರಶ್ನೆಯೊಂದಿದೆ. ವಿಪಶ್ಚಿತ್ ರಾಜನು ನರಕದಲ್ಲಿದ್ದವರನ್ನು ‘ನನ್ನನ್ನು ಬಲ್ಲಿರಾ, ನಂಬಿದ್ದೀರಾ’ ಎಂದು ಕೇಳಲಿಲ್ಲ. ರಕ್ತವನ್ನು ಕೊಟ್ಟ ಆ ಅನಾಮಧೇಯನೂ ಕಾಂಪೌಂಡರನ ಹೆಂಡತಿಯನ್ನು ಕೇಳಲಿಲ್ಲ. ಎಲ್ಲರಿಗಾಗಿ ಈಡು ಸಂದಿದೆ ಎಂದಮೇಲೆ, ಆ ಹೆಸರನ್ನೇ ಕೇಳದೆ ಸತ್ತ ನಮ್ಮ ಹಿರಿಯರು ಇನ್ನೂ ಸೆರೆಯಲ್ಲಿರುವರೆ? ಇರುವರೆಂದರೆ ಈಡು ಪೂರ್ಣವಾಗಲಿಲ್ಲ, ಇಲ್ಲವೆಂದರೆ ಕರಪತ್ರವೇಕೆ? ೧೮೩೭ರ ವೇಳೆಗೆ ವೆಸ್ಲಿಯನ್ ಮಿಷನ್ನಿನವರು ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ ನೆಲೆನಿಂತಂದಿನಿಂದ ಈ ಸೀಮೆಯಲ್ಲಿ ಕ್ರೈಸ್ತ ಕುಟುಂಬಗಳಿವೆ. ನಮ್ಮ ಪತ್ರಿಕೆಯನ್ನು ಓದುವವರೂ ಇದ್ದಾರೆ. ಅವರಲ್ಲಿ ಬಲ್ಲವರು ಇದಕ್ಕೆ ಉತ್ತರವನ್ನು ಬರೆಯಬೇಕೆಂದು ಬೇಡುತ್ತೇನೆ. ನಮ್ಮ ಇಬ್ಬರು ಭಾಷಣಕಾರರೂ ಆ ಉತ್ತರವನ್ನು ಓದಿದ ಮೇಲೆ ಮತ್ತೊಮ್ಮೆ ಮಾತನಾಡಲಿ. ಕಷಾಯದ ದೃಷ್ಟಾಂತವನ್ನು ಮಾತ್ರ ಯಾರೂ ತರುವುದು ಬೇಡ. ಅದಕ್ಕೆ ಉತ್ತರವು ಬಂದು ಮೂವತ್ತು ವರ್ಷಗಳ ಮೇಲಾಯಿತು.